ನಾನಿಲ್ಲದ ಐದು ದಿನದ ಹಾಜರಿ

ಅಮ್ಮನನ್ನು ಮಣ್ಣು ಮಾಡಿದ ವಾರ ನಾನು ಎಂಟನೇ ತರಗತಿಗೆ ಹನ್ನೆರಡು ಪಾಠ ಮಾಡಿದ್ದೇನೆ. ಏಳು ಗಣಿತ, ಐದು ವಿಜ್ಞಾನ. ಒಂದಕ್ಕೂ ತಡವಾಗಿ ಬಂದಿಲ್ಲ, ಒಂದನ್ನೂ ಗಂಟೆ ಹೊಡೆಯುವ ಮೊದಲೇ ಮುಗಿಸಿಲ್ಲ. ನಮ್ಮ ಶಾಲೆಯ ಫೈಲು ಹಾಗೆನ್ನುತ್ತದೆ.

ಜುಲೈ ತಿಂಗಳ ಒಂದು ಮಂಗಳವಾರ ಆ ಫೈಲು ಮುಖ್ಯೋಪಾಧ್ಯಾಯ ಮಘಾಂಗ ಅವರ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಅದರ ಮುಂದೆ ಶಿಕ್ಷಣ ಕಚೇರಿಯಿಂದ ಬಂದ ನ್ಯಾಬೊಕೆ ಮೇಡಂ ಕೂತಿದ್ದರು. ನನ್ನದೇ ವಯಸ್ಸಿನವರು, ಬೆಟ್ಟ ಹತ್ತಿ ಬಂದ ಆಯಾಸಕ್ಕೆ ಚಪ್ಪಲಿಯನ್ನು ಮೇಜಿನ ಕೆಳಗೆ ಬಿಚ್ಚಿಟ್ಟಿದ್ದರು. ಅವರ ಒಂದು ಬೆರಳು ಪಾಠದ ಹಾಜರಿ ಹಾಳೆಯ ಮೇಲಿತ್ತು. ಇನ್ನೊಂದು ಬೆರಳು ಅದರ ಹಿಂದೆಯೇ ಪಿನ್ನು ಹಾಕಿದ್ದ ನನ್ನ ರಜೆ ಚೀಟಿಯ ಮೇಲೆ.

"ವಾವುದ ಮೇಡಂ, ಸೋಮವಾರದಿಂದ ಶುಕ್ರವಾರದವರೆಗೆ ತಾಯಿಯ ಅಂತ್ಯಸಂಸ್ಕಾರಕ್ಕೆ ತಾವೇತಾಕ್ಕೆ ಹೋಗಿದ್ರಿ. ಹೌದಾ?"

"ಹೌದು."

"ಅದೇ ಸೋಮವಾರದಿಂದ ಶುಕ್ರವಾರದವರೆಗೆ ಎಂಟನೇ ಕ್ಲಾಸಲ್ಲೂ ಇದ್ರಿ. ಹನ್ನೆರಡಕ್ಕೆ ಹನ್ನೆರಡೂ ರೈಟ್ ಮಾರ್ಕು. ಕೆಳಗೆ ಉಪ ಮುಖ್ಯೋಪಾಧ್ಯಾಯರ ಸಹಿ, ಅದರ ಕೆಳಗೆ ನಮ್ಮ ಸಾರ್ ಸಹಿ." ಅವರು ತಲೆ ಎತ್ತಿದರು. "ನಾನು ಇಷ್ಟು ವರ್ಷದಲ್ಲಿ ಎರಡು ಕಡೆ ಇರೋ ಟೀಚರನ್ನ ನೋಡಿರಲಿಲ್ಲ."

ಮಘಾಂಗ ಸಾರ್ ನಗಲು ನೋಡಿದರು. ಯಾರೂ ನಗಲಿಲ್ಲವೆಂದು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಈ ಹಾಳೆ ನಮ್ಮ ಶಾಲೆಗಳಿಗೆ ಬಂದು ಮೂರು ವರ್ಷವಾಗಿತ್ತು. ಪ್ರತಿ ತರಗತಿಯಲ್ಲೂ ಒಂದು ಮಗುವನ್ನು ಕಾರ್ಯದರ್ಶಿಯಾಗಿ ನೇಮಿಸಬೇಕು. ಗಂಟೆ ಹೊಡೆದಾಗಲೆಲ್ಲ ಆ ಮಗು ಟೀಚರು ಬಂದರೋ ಇಲ್ಲವೋ, ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಹಾಳೆಯ ಮನೆಗಳಲ್ಲಿ ಬರೆಯಬೇಕು. ಅವಧಿಯ ಕೊನೆಗೆ ಎಲ್ಲ ಕಂಪ್ಯೂಟರಿಗೆ ಹೋಗಿ ಒಂದು ಅಂಕಿಯಾಗಿ ನಮ್ಮ ಹೆಸರಿನ ಮುಂದೆ ಕೂರುತ್ತದೆ. ಮೊದಲ ವರ್ಷ ನಾವೆಲ್ಲ ಅದನ್ನು ತಮಾಷೆ ಮಾಡಿದೆವು. ಕೃಷಿ ಪಾಠದ ಮ್ವಾಲುಮ ಸಾರ್ ಬಾಗಿಲಲ್ಲಿ ಒಂದು ಕಾಲಿಟ್ಟು, "ಬರ್ಕೊಳಮ್ಮಾ, ಒಂದು ಕಾಲು ಬಂತು, ಇನ್ನೊಂದು ದಾರೀಲಿದೆ" ಎನ್ನುತ್ತಿದ್ದರು. ಎರಡನೇ ವರ್ಷ ಅವರಿಗೆ ಅಂಕ ಕಡಿಮೆಯಾಗಿ ಕಾರಣ ಕೇಳಿ ನೋಟಿಸು ಬಂತು. ಆಮೇಲೆ ಯಾರೂ ತಮಾಷೆ ಮಾಡಲಿಲ್ಲ. ಮ್ವಾಲುಮ ಸಾರ್ ಗಂಟೆಗೆ ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ಶಾಲೆಯ ಹಿಂದೆ ಮಕ್ಕಳೊಂದಿಗೆ ಬೆಳೆಸುತ್ತಿದ್ದ ಎಲೆಕೋಸಿನ ಪಾತಿ ಒಣಗಿತು. ಪಾತಿಯಲ್ಲಿದ್ದರೆ ತರಗತಿಯಲ್ಲಿ ಇಲ್ಲವೆಂದು ಲೆಕ್ಕ.

ನನ್ನ ತರಗತಿಯ ಕಾರ್ಯದರ್ಶಿ ವಕೇಶೊ. ಹದಿನಾಲ್ಕು ವರ್ಷ, ಎಡಗೈಯಲ್ಲಿ ಬರೆಯುವ ಹುಡುಗಿ. ಅವಳ ಅಮ್ಮ ವುಂದಾನ್ಯಿ ಊರಿನ ಸಂತೆಯಲ್ಲಿ ಟೊಮೆಟೊ, ಸೊಪ್ಪು ಮಾರುತ್ತಾಳೆ. ಜನವರಿಯಲ್ಲಿ ನಾನೇ ಅವಳನ್ನು ಆರಿಸಿ ಹಾಳೆ ಕೈಗೆ ಕೊಟ್ಟಿದ್ದೆ. ಆಗ ಹೇಳಿದ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಯಾವ ಮನೇನೂ ಖಾಲಿ ಬಿಡ್ಬೇಡ ಮಗಳೇ. ಟೀಚರು ಸ್ವಲ್ಪ ತಡ ಆದ್ರೂ, ಆಫೀಸಿಗೆ ಹೋಗಿದ್ರೂ ಬಂದ್ರು ಅಂತಲೇ ಹಾಕು. ಖಾಲಿ ಕಂಡ್ರೆ ಪ್ರಶ್ನೆ ಮೇಲೆ ಪ್ರಶ್ನೆ."

ಅವಳು ತಲೆಯಾಡಿಸಿದ್ದಳು. ನಾನು ಹೇಳಿದ ಯಾವುದಕ್ಕೂ ಅವಳು ಹಾಗೆಯೇ ತಲೆಯಾಡಿಸುತ್ತಿದ್ದಳು, ವೃತ್ತದ ಸುತ್ತಳತೆಗೂ ಕೈ ತೊಳೆಯುವುದಕ್ಕೂ.

ನ್ಯಾಬೊಕೆ ಮೇಡಂ ಚಪ್ಪಲಿ ಮೆಟ್ಟಿಕೊಂಡರು. "ಗುರುವಾರ ಬೆಳಗ್ಗೆ ಮತ್ತೆ ಬರ್ತೀನಿ. ಈ ಹಾಳೆ ತುಂಬಿದವರು ಲಿಖಿತವಾಗಿ ವಿವರಣೆ ಕೊಡ್ಲಿ. ಮಗು ಆದ್ರೆ ಪೋಷಕರ ಸಹಿ ಇರ್ಲಿ."

ಅವರು ಬೆಟ್ಟ ಇಳಿದು ಹೋದಮೇಲೆ ಮಘಾಂಗ ಸಾರ್ ಬಾಗಿಲು ಮುಂದೆ ಮಾಡಿದರು. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಹೋದ ವರ್ಷ ನಮ್ಮ ಪರೀಕ್ಷೆಯ ಸರಾಸರಿ ಇಳಿದಾಗ ಊರವರು ಬಂದು ಅವರ ಕೋಣೆಗೆ ಬೀಗ ಜಡಿದಿದ್ದರು. ಮೂರು ದಿನ ಅವರು ನೀಲಗಿರಿ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಕ್ಕಳೆಲ್ಲ ನೋಡುತ್ತ ಹೋಗುತ್ತಿದ್ದರು. ಆಮೇಲಿಂದ ಮೋಟಾರುಬೈಕಿನ ಸದ್ದು ಕೇಳಿದರೂ ಅವರು ಎದ್ದು ನಿಲ್ಲುತ್ತಾರೆ.

"ಮೇಡಂ, ನೀವೇನೂ ಮಾಡ್ಬೇಕಾಗಿಲ್ಲ" ಎಂದರು. "ಮಗು ತಪ್ಪು ಮಾಡಿದೆ. ಒಂದು ಕಾಗದ ನಾನೇ ಬರೀತೀನಿ, ಅವಳೂ ಅವಳಮ್ಮನೂ ಸಹಿ ಹಾಕ್ತಾರೆ. ಮುಗೀತು. ಉಪ ಮುಖ್ಯೋಪಾಧ್ಯಾಯರ ಹುದ್ದೆಗೆ ನಿಮ್ಮ ಬಡ್ತಿ ಫೈಲು ಈ ತಿಂಗಳೇ ಮೇಲೆ ಹೋಗುತ್ತೆ. ಇಪ್ಪತ್ತಾರು ವರ್ಷ ಆಯ್ತಲ್ಲ? ಸುಮ್ನಿರಿ, ಅಷ್ಟೇ."

"ವಕೇಶೊ ಸೀಟು?"

ಕಣಿವೆಯ ಚರ್ಚಿನ ಹೆಣ್ಣುಮಕ್ಕಳ ವಸತಿ ಪ್ರೌಢಶಾಲೆಯಲ್ಲಿ ಪ್ರತಿ ವರ್ಷ ನಮ್ಮ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸುವ ಒಬ್ಬ ಹುಡುಗಿಗೆ ಶುಲ್ಕವಿಲ್ಲದೆ ಜಾಗ ಕೊಡುತ್ತಾರೆ. ಅದಕ್ಕೆ ಮುಖ್ಯೋಪಾಧ್ಯಾಯರ ನಡತೆ ಪತ್ರ ಬೇಕು. ಈ ವರ್ಷ ಆ ಜಾಗ ವಕೇಶೊಗೆ ಎಂದು ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳ ಅಮ್ಮ ಆಗಲೇ ಸಂತೆಯಲ್ಲಿ ಹಳೆಯ ತಗಡಿನ ಪೆಟ್ಟಿಗೆಯೊಂದನ್ನು ಕೊಂಡು ನೀಲಿ ಬಣ್ಣ ಬಳಿದಿಟ್ಟಿದ್ದಳು.

ಸಾರ್ ಕಿಟಕಿಯ ಕಡೆ ನೋಡಿದರು. "ದಾಖಲೆ ತಿದ್ದಿದೀನಿ ಅಂತ ಸಹಿ ಹಾಕಿದ ಹುಡುಗಿಗೆ ಒಳ್ಳೇ ನಡತೆ ಅಂತ ಹೇಗೆ ಬರ್ಕೊಡ್ಲಿ ಮೇಡಂ? ನೀವೇ ಹೇಳಿ."

ಅವರು ಸುಮ್ಮನಿರಿ ಎಂದಿದ್ದರು, ನಾನು ಸುಮ್ಮನಿದ್ದೆ. ಅಷ್ಟು ಸುಲಭವಾಗಿ ಬಂತಲ್ಲ ಎಂದು ಹೊರಗೆ ಬಂದಮೇಲೆ ನನಗೇ ಗಾಬರಿಯಾಯಿತು.

ಅಂದು ಮಧ್ಯಾಹ್ನ ಎಂಟನೇ ತರಗತಿಯ ಗಣಿತ ಪುಸ್ತಕಗಳ ರಾಶಿಯನ್ನು ತಿದ್ದಲು ಕೂತೆ. ತಾವೇತಾದಿಂದ ಬಂದಾಗಿನಿಂದ ಅದು ಹಾಗೆಯೇ ಇತ್ತು. ತೆರೆದರೆ, ನಾನಿಲ್ಲದ ವಾರದ ಪುಟಗಳು ಖಾಲಿ ಇರಲಿಲ್ಲ. ತಾರೀಖು ಹಾಕಿ, ಗೆರೆ ಎಳೆದು, ಲೆಕ್ಕ ಮಾಡಿದ್ದರು. ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನ ಸರಿ ಗುರುತುಗಳು. ಎಲ್ಲವೂ ನನ್ನ ಗುರುತಿಗೆ ವಿರುದ್ಧ ದಿಕ್ಕಿಗೆ ವಾಲಿದ್ದವು. ಎಡಗೈಯವು.

ಲೆಕ್ಕಗಳೂ ನಾನು ಕೊಟ್ಟವಲ್ಲ. ಪಠ್ಯದಲ್ಲಿ ರೈಲು, ಡಬ್ಬಿ, ಪ್ರಯಾಣಿಕರು ಎಂದು ಇದ್ದುದನ್ನು ಯಾರೋ ಬದಲಿಸಿದ್ದರು. 'ನಲವತ್ತು ಟೊಮೆಟೊಗಳನ್ನು ವಕೇಶೊ ಮತ್ತು ಮ್ಕಂಬೂರಿ ಮೂರಕ್ಕೆ ಎರಡರಂತೆ ಹಂಚಿಕೊಂಡರೆ ಯಾರಿಗೆ ಎಷ್ಟು?' ಮ್ಕಂಬೂರಿಯ ಪುಸ್ತಕ ಹುಡುಕಿ ತೆಗೆದೆ. ಹದಿನಾರು ವರ್ಷದ ಆ ಹುಡುಗಿ ಕೊನೆಯ ಬೆಂಚಿನವಳು, ಎರಡು ಸಲ ಅದೇ ತರಗತಿಯಲ್ಲಿ ಕೂತವಳು. ಸರಾಸರಿ ಇಳಿಸುತ್ತಾಳೆಂದು ಅವಳನ್ನು ಪರೀಕ್ಷೆಗೆ ಕೂರಿಸಬಾರದು ಎಂದು ಸಭೆಯಲ್ಲಿ ಮಾತಾದಾಗ ನಾನೂ ಬಾಯಿ ಬಿಟ್ಟಿರಲಿಲ್ಲ. ಅವಳ ಪುಟದಲ್ಲಿ 24, 20 ಎಂದು ಬರೆದು ಹೊಡೆದುಹಾಕಿ, ಕೆಳಗೆ 24, 16 ಎಂದು ಬರೆದಿತ್ತು. ಪಕ್ಕದಲ್ಲಿ ವಾಲಿದ ಸರಿ ಗುರುತು, ಅದರ ಮುಂದೆ ಪುಟ್ಟ ಅಕ್ಷರದಲ್ಲಿ: 'ನೋಡಿದ್ಯಾ!'

ನೀರಿನ ಟ್ಯಾಂಕಿನ ಹತ್ತಿರ ವಕೇಶೊ ಬಕೆಟ್ ತೊಳೆಯುತ್ತಿದ್ದಳು. ನನ್ನ ಕೈಯಲ್ಲಿ ಪುಸ್ತಕ ಕಂಡದ್ದೇ ಎದ್ದು ನಿಂತಳು. ಆಗಲೇ ಸುದ್ದಿ ಅವಳಿಗೆ ತಲುಪಿತ್ತು. ಕಣ್ಣು ಕೆಂಪಗಿತ್ತು.

"ಪಾಠ ಯಾರು ಮಾಡಿದ್ದು?"

"ನಾನು ಮೇಡಂ."

"ಯಾರು ಹೇಳಿದ್ರು ಮಾಡು ಅಂತ?"

"ಯಾರೂ ಇಲ್ಲ. ಬೇರೆ ಕ್ಲಾಸಿನ ನಿಮ್ಮ ಪಾಠನೆಲ್ಲ ಮ್ಘೋಯ್ ಮೇಡಂ ತಗೊಂಡ್ರು. ನಮಗೆ, ನೀವು ದೊಡ್ಡೋರು, ನಿಮ್ಮಷ್ಟಕ್ಕೆ ಓದ್ಕೊಳ್ಳಿ ಅಂದ್ರು." ಅವಳು ಬಕೆಟಿನ ಹಿಡಿಯನ್ನು ತಿರುಗಿಸುತ್ತಿದ್ದಳು. "ಸೋಮವಾರ ಮೊದಲ ಗಂಟೆಗೆ ಹಾಳೆ ಮುಂದೆ ಇಟ್ಕೊಂಡು ಕೂತೆ. ನೀವು ಖಾಲಿ ಬಿಡ್ಬೇಡ ಅಂದಿದ್ರಿ. ಸುಮ್ನೆ ರೈಟ್ ಹಾಕೋಣ ಅಂದ್ರೆ ಕೈ ಬರ್ಲಿಲ್ಲ. ಐದು ನಿಮಿಷ ತಡ ಆದ್ರೆ ಬೇರೆ, ಇಡೀ ಪಾಠನೇ ಇಲ್ಲ ಅಂದ್ರೆ... ನಿಮ್ಮ ಪಾಠದ ಪುಸ್ತಕ ಮೇಜಿನ ಮೇಲೇ ಇತ್ತಲ್ಲ. ಎದ್ದು ನಿಂತು ಪಾಠ ಮಾಡ್ದೆ. ಮಾಡಿದ್ಮೇಲೆ ರೈಟ್ ಹಾಕ್ದೆ."

"ಹನ್ನೆರಡೂ?"

"ಹೂಂ. ಬುಧವಾರದ ವಿಜ್ಞಾನ ಸರಿಯಾಗಿ ಬರ್ಲಿಲ್ಲ. ಶುಕ್ರವಾರ ಇನ್ನೊಂದ್ಸಲ ಮಾಡ್ದೆ."

"ಗಲಾಟೆ ಮಾಡ್ಲಿಲ್ವಾ ಯಾರೂ?"

"ಮೊದಲ ದಿನ ಮಾಡಿದ್ರು. ಮ್ಕಂಬೂರಿ ಎದ್ದು, ಸುಮ್ನೆ ಕೂತ್ಕೊಳ್ರೋ, ಇವಳು ಹೇಳಿದ್ರೆ ನಂಗೆ ಅರ್ಥ ಆಗ್ತಿದೆ ಅಂದ್ಲು. ಅವಳು ಎದ್ರೆ ಎಲ್ರಿಗೂ ಭಯ."

ನನಗೆ ನಗು ಬಂತು. ಅವಳೂ ನಗುವವಳಿದ್ದಳು, ಅಷ್ಟರಲ್ಲಿ ಮುಖ ಸಣ್ಣದಾಯಿತು.

"ಮೇಡಂ, ನಾನು ಸಹಿ ಹಾಕಿದ್ರೆ ನಿಮಗೆ ಏನೂ ಆಗಲ್ಲ ಅಂತೆ, ಹೌದಾ?"

"ಯಾರು ಹೇಳಿದ್ರು?"

"ಹೆಡ್ ಸಾರ್. ಮೇಡಂಗೆ ತಾಯಿ ಹೋಗಿರೋ ದುಃಖ ಇದೆ, ನೀನು ಇನ್ನೊಂದು ದುಃಖ ಕೊಡ್ಬೇಡ ಅಂದ್ರು." ಅವಳು ನೆಲ ನೋಡಿಕೊಂಡೇ ಹೇಳಿದಳು. "ಹಾಕ್ತೀನಿ ಮೇಡಂ. ಅಮ್ಮಂಗೂ ಹೇಳ್ತೀನಿ."

ಹಾಕಬೇಡ ಎನ್ನಲು ಅದೊಂದೇ ಕ್ಷಣ ಸಾಕಾಗಿತ್ತು. ಊಟದ ಗಂಟೆ ಹೊಡೆಯಿತು, ಅವಳು ಬಕೆಟ್ ಎತ್ತಿಕೊಂಡು ಅಡುಗೆಮನೆ ಕಡೆ ಓಡಿದಳು. ನಾನು ಬಾಯಿ ತೆರೆದದ್ದು ಅವಳಿಗೆ ಕಾಣಲಿಲ್ಲ.

ಮನೆಗೆ ಹೋಗುವ ಇಳಿಜಾರಿನಲ್ಲಿ ಅಂದು ನಾನು ಎರಡು ಕಡೆ ಕೂತೆ. ಮೊಳಕಾಲು ನೋವೆಂದು ನನಗೆ ನಾನೇ ಹೇಳಿಕೊಂಡೆ. ಕೆಳಗೆ ಬಯಲಿನಲ್ಲಿ ಕತ್ತಾಳೆ ತೋಟಗಳು ಗೆರೆ ಎಳೆದಂತೆ ಮಲಗಿದ್ದವು. ಅದರಾಚೆ, ಕಣ್ಣಿಗೆ ಕಾಣದಷ್ಟು ದೂರ, ತಾವೇತಾದ ದಾರಿ.

ಅಮ್ಮ ಅಲ್ಲಿ ತಮ್ಮನ ಮನೆಯಲ್ಲಿದ್ದಳು. ಆ ತಿಂಗಳ ಒಂದು ಬುಧವಾರ ಸಂಜೆ ತಮ್ಮ ಫೋನು ಮಾಡಿದ್ದ. "ಅಕ್ಕಾ, ಅಮ್ಮ ಊಟ ಬಿಟ್ಟಿದಾಳೆ. ನಿನ್ನೇ ಕೇಳ್ತಿದಾಳೆ. ನಾಳೆ ಬರ್ತೀಯಾ?"

"ಶನಿವಾರ ಬೆಳಗ್ಗೆ ಮೊದಲ ವ್ಯಾನಿಗೆ ಬರ್ತೀನಿ ಕಣೋ. ಗುರುವಾರ ಶುಕ್ರವಾರ ತಪ್ಪಿಸೋ ಹಾಗಿಲ್ಲ. ಅವಧಿ ಮುಗೀತಾ ಇದೆ, ಹಾಜರಿ ನೋಡ್ತಾರೆ."

"ಅಮ್ಮಂಗೆ ಏನು ಹೇಳ್ಲಿ?"

"ಶನಿವಾರ ಅಂತ ಹೇಳು."

ಅವನು ಫೋನನ್ನು ಅಮ್ಮನ ಕಿವಿಗೆ ಹಿಡಿದ. ಅವಳ ಉಸಿರು ಕೇಳಿಸಿತು. "ಮಕ್ಕಳಿಗೆ ಪಾಠ ಇದೆಯೇನೇ?" ಎಂದಳು. "ಹೂಂ ಅಮ್ಮ." "ಮಾಡು ಹಾಗಾದ್ರೆ. ಶನಿವಾರ ಕಿಮಾಂಗ ಮಾಡಿಟ್ಟಿರ್ತೀನಿ."

ಕಿಮಾಂಗ ಎಂದರೆ ಅಮ್ಮನ ಕೈಯ ಕೆಲಸ. ಬೇಯಿಸಿದ ಗೆಣಸು, ಕಾಳುಗಳನ್ನು ಮರದ ಸೌಟಿನಲ್ಲಿ ಅಷ್ಟು ಹೊತ್ತು ತಿರುವಬೇಕು. ಆ ತೋಳಿನಲ್ಲಿ ಬಲ ಎಲ್ಲಿತ್ತು? ಅವಳು ಓದು ಬರಹ ಕಲಿತವಳಲ್ಲ. ನನ್ನ ಕೆಲಸವೆಂದರೆ ಮಕ್ಕಳ ಮುಂದೆ ನಿಲ್ಲುವುದು, ಅದು ತಪ್ಪಬಾರದು ಎಂದಷ್ಟೇ ಅವಳಿಗೆ ಗೊತ್ತಿತ್ತು. ಶುಕ್ರವಾರ ಸಂಜೆ ನಾಲ್ಕಕ್ಕೆ, ನಾನು ಕೊನೆಯ ಪಾಠ ಮುಗಿಸಿ ಸೀಮೆಸುಣ್ಣದ ಕೈ ಒರೆಸಿಕೊಳ್ಳುವ ಹೊತ್ತಿಗೆ, ಅವಳು ಹೋದಳು.

ಆ ಗುರುವಾರ, ಶುಕ್ರವಾರದ ಮನೆಗಳಲ್ಲೂ ವಕೇಶೊ ನನ್ನ ಹೆಸರಿನ ಮುಂದೆ ಗುರುತು ಹಾಕಿದ್ದಾಳೆ. ಅವು ಸತ್ಯ. ನಾನು ನಿಜವಾಗಿಯೂ ಅಲ್ಲಿದ್ದೆ. ಶುಕ್ರವಾರ ಏನು ಪಾಠ ಮಾಡಿದೆನೆಂದು ನೆನಪಿಸಿಕೊಳ್ಳಲು ನೋಡಿದರೆ ಒಂದೂ ಹೊಳೆಯಲಿಲ್ಲ. ಮಕ್ಕಳನ್ನು "ಅರ್ಥ ಆಯ್ತಾ?" ಎಂದು ಕೇಳಿರುತ್ತೇನೆ. ಅವರು "ಆಯ್ತು ಮೇಡಂ" ಎಂದು ಒಟ್ಟಾಗಿ ಹಾಡಿರುತ್ತಾರೆ. ಫೈಲಿನಲ್ಲಿ ಯಾರೂ ಬೆರಳಿಡದ ಗುರುತುಗಳು ಅವು. ದಾರಿಯ ಕಲ್ಲಿನ ಮೇಲೆ ಕೂತು ನಾನು ಅತ್ತದ್ದು ಅವಕ್ಕೇ. ಅಮ್ಮನ ಗುಂಡಿಯ ಹತ್ತಿರ ನನಗೆ ಅಳು ಬಂದಿರಲಿಲ್ಲ. ಎಲ್ಲರೂ ಗಟ್ಟಿಗಿತ್ತಿ ಎಂದಿದ್ದರು.

ಗುರುವಾರ ಬೆಳಗ್ಗೆ ವಕೇಶೊಳ ಅಮ್ಮ ಸಂತೆಗೆ ಹೊರಟ ವೇಷದಲ್ಲೇ ಬಂದಳು. ಸೊಂಟಕ್ಕೆ ಬಣ್ಣದ ಬಟ್ಟೆ, ತಲೆಯ ಮೇಲೆ ಬುಟ್ಟಿ. ಬುಟ್ಟಿಯನ್ನು ಆಫೀಸಿನ ಬಾಗಿಲಲ್ಲಿ ಇಳಿಸಿ ಒಳಗೆ ಬಂದು, ಕೂರಲು ಹೇಳುವ ಮೊದಲೇ ಕೂತಳು. ನ್ಯಾಬೊಕೆ ಮೇಡಂ ಆಗಲೇ ಬಂದಿದ್ದರು. ವಕೇಶೊ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನನ್ನನ್ನು ಮಘಾಂಗ ಸಾರ್ ಕರೆದಿರಲಿಲ್ಲ. ಮೊದಲ ಪಾಠ ಬಿಟ್ಟು ನಾನಾಗಿಯೇ ಬಂದು ಬಾಗಿಲ ಪಕ್ಕ ನಿಂತಿದ್ದೆ. ಏನು ಹೇಳುವುದೆಂದು ತಿಳಿದು ಬಂದವಳಲ್ಲ. ತರಗತಿಯಲ್ಲಿ ನಿಲ್ಲಲಾಗಲಿಲ್ಲ, ಬಂದೆ.

"ಏನ್ ಸಾರ್" ಎಂದಳು ಅವಳ ಅಮ್ಮ, "ನನ್ನ ಮಗಳು ಐದು ದಿನ ಮೇಷ್ಟ್ರ ಕೆಲಸ ಮಾಡಿದ್ದಕ್ಕೆ ಸಂಬಳ ಕೊಡ್ತೀರೇನೋ ಅಂದ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಸಹಿ ಕೇಳ್ತಿದೀರಂತೆ."

"ಅಮ್ಮಾ, ಇದು ತಮಾಷೆ ವಿಷಯ ಅಲ್ಲ. ಸರ್ಕಾರಿ ದಾಖಲೆ."

"ನಾನೂ ತಮಾಷೆ ಮಾಡ್ತಿಲ್ಲ. ಗುರುವಾರ ಸಂತೆ ದಿನ. ಅರ್ಧ ದಿನ ಹೋದ್ರೆ ಟೊಮೆಟೊ ಯಾರ ದಾಖಲೇನೂ ಕಾಯಲ್ಲ, ಕೊಳೀತದೆ. ಎಲ್ಲಿ ಹಾಕ್ಬೇಕು?"

ಸಾರ್ ಕಾಗದ ಮುಂದೆ ಸರಿಸಿದರು. ನೀಟಾದ ಅಕ್ಷರ, ಅವರದೇ. ಅವಳು ಅದನ್ನು ತಿರುಗಿಸಿ ನೋಡಿ, ದೂರ ಹಿಡಿದು ನೋಡಿ, ನನ್ನ ಕಡೆ ಚಾಚಿದಳು.

"ಕನ್ನಡಕ ತಂದಿಲ್ಲ ಮೇಡಂ. ನೀವೇ ಓದಿ ಹೇಳಿ. ನೀವು ಓದಿದ್ರೆ ನಾನು ಇನ್ನೊಂದು ಮಾತು ಕೇಳಲ್ಲ, ಹಾಕ್ಬಿಡ್ತೀನಿ."

ಮಘಾಂಗ ಸಾರ್ ಕೈ ಮುಂದೆ ಮಾಡಿದರು. "ನಾನು ಓದ್ತೀನಿ ಕೊಡಿ."

"ನೀವು ಬರ್ದೋರು ಸಾರ್. ಅವರು ಓದ್ಲಿ."

ಕಾಗದ ನನ್ನ ಕೈಗೆ ಬಂತು. ಇಪ್ಪತ್ತಾರು ವರ್ಷ ಮಕ್ಕಳಿಗೆ ಓದಿ ಹೇಳಿದ ದನಿಯಲ್ಲೇ ಶುರುಮಾಡಿದೆ. "'ಎಂಟನೇ ತರಗತಿಯ ವಕೇಶೊ ಆದ ನಾನು ಒಪ್ಪಿಕೊಳ್ಳುವುದೇನೆಂದರೆ, ಯಾರೂ ಹೇಳದೆ, ಸ್ವಂತ ಬುದ್ಧಿಯಿಂದ, ಹಾಜರಿ ಹಾಳೆಯಲ್ಲಿ ಸುಳ್ಳು...'"

ಅಲ್ಲಿ ನಿಂತೆ.

"ಮುಂದೆ?" ಎಂದಳು ಅವಳ ಅಮ್ಮ.

ವಕೇಶೊ ಗೋಡೆಯ ಹತ್ತಿರದಿಂದ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದಳು. ಓದಿ ಪರವಾಗಿಲ್ಲ ಎನ್ನುವಂತೆ. ಕಲಿತ ಪಾಠ ಒಪ್ಪಿಸುವಾಗ ತಡವರಿಸುವ ಸಣ್ಣ ಮಕ್ಕಳಿಗೆ ನಾನು ಹಾಗೆ ಮಾಡುತ್ತೇನೆ.

"ಮುಂದೆ ಓದೋಕಾಗಲ್ಲ" ಎಂದೆ. "ಇದು ಸುಳ್ಳು. ಅವಳಿಗೆ ಹೇಳಿಕೊಟ್ಟವಳು ನಾನು. ಜನವರಿಯಲ್ಲಿ, ಕ್ಲಾಸಲ್ಲಿ ಎಲ್ಲರ ಮುಂದೆ, ಯಾವ ಮನೇನೂ ಖಾಲಿ ಬಿಡ್ಬೇಡ ಅಂದೆ. ಟೀಚರು ಇಲ್ದಿದ್ರೂ ಇದ್ರು ಅಂತ ಹಾಕೋದನ್ನ ನಾನೇ ಕಲಿಸಿದ್ದು."

"ವಾವುದ ಮೇಡಂ!" ಮಘಾಂಗ ಸಾರ್ ಎದ್ದೇ ನಿಂತರು. "ನಿಮಗೆ ಇನ್ನೂ ಮನಸ್ಸು ಸರಿಯಿಲ್ಲ. ತಾಯಿ ಹೋದ ದುಃಖದಲ್ಲಿ..."

"ತಾಯಿ ಹೋದ ಮೇಲೇ ಸ್ವಲ್ಪ ಸರಿಯಾಗಿದೆ ಸಾರ್. ಒಂದು ಪೆನ್ ಕೊಡಿ."

ಕೊಡಲಿಲ್ಲ. ಬಾಗಿಲಲ್ಲಿದ್ದ ಬುಟ್ಟಿಯೊಳಗೆ ಕೈಹಾಕಿ ವಕೇಶೊಳ ಅಮ್ಮ ಲೆಕ್ಕ ಬರೆಯುವ ತನ್ನ ಪೆನ್ನು ತಂದಳು. ಟೊಮೆಟೊ ವಾಸನೆ ಹೊಡೆಯುತ್ತಿತ್ತು. ಆ ಕಾಗದದ ಹಿಂಬದಿಯಲ್ಲೇ ನಾನು ಹೇಳಿದ್ದನ್ನೆಲ್ಲ ಬರೆದೆ, ನನ್ನ ಹೆಸರು, ನೌಕರಿ ಸಂಖ್ಯೆ ಸಮೇತ. ಕೆಳಗೆ ಇನ್ನೆರಡು ಸಾಲು ಸೇರಿಸಿದೆ: ಆ ಐದು ದಿನ ಪಾಠಗಳು ನಡೆದಿವೆ, ನಡೆಸಿದವಳು ವಕೇಶೊ, ಮಕ್ಕಳ ಪುಸ್ತಕಗಳೇ ಅದಕ್ಕೆ ಸಾಕ್ಷಿ.

ನ್ಯಾಬೊಕೆ ಮೇಡಂ ಎರಡು ಸಲ ಓದಿದರು. ಆಮೇಲೆ ವಕೇಶೊಳನ್ನು ಹತ್ತಿರ ಕರೆದು ಕೇಳಿದರು, "ಏನು ಪಾಠ ಮಾಡಿದೆ?"

"ಅನುಪಾತ. ವಿಜ್ಞಾನದಲ್ಲಿ ಬೇರು, ಕಾಂಡ."

"ಮಕ್ಕಳಿಗೆ ತಿಳೀತು ಅಂತ ನಿನಗೆ ಹೇಗೆ ಗೊತ್ತಾಯ್ತು?"

ವಕೇಶೊ ಯೋಚಿಸಿದಳು. "ಗೊತ್ತಾಗ್ದೆ ಇದ್ದೋರು ಕೈ ಎತ್ತಿ ಅಂದೆ. ಮೊದಲು ಯಾರೂ ಎತ್ತಲಿಲ್ಲ. ನನಗೂ ಇದು ಮೊದಲು ಗೊತ್ತಾಗಿರ್ಲಿಲ್ಲ ಅಂದೆ. ಆಮೇಲೆ ಹದಿನೇಳು ಜನ ಎತ್ತಿದ್ರು."

ಹದಿನೇಳು. ನನ್ನ ತರಗತಿಯಲ್ಲಿ ಮೂವತ್ತೊಂದು ಮಕ್ಕಳು.

ನ್ಯಾಬೊಕೆ ಮೇಡಂ ತಮ್ಮ ಫಾರಂ ತೆಗೆದು ಮೇಲಿಂದ ಕೆಳಗೆ ಪೆನ್ನು ಆಡಿಸಿದರು. "ಇದನ್ನ ಬರೆಯೋಕೆ ನನ್ನತ್ರ ಜಾಗಾನೇ ಇಲ್ಲ" ಎಂದರು, ಯಾರಿಗೂ ಅಲ್ಲವೆಂಬಂತೆ. ನನ್ನ ಕಡೆ ತಿರುಗಿದರು. "ಮೇಡಂ, ನೀವು ಬರ್ದಿದ್ದನ್ನ ನಾನು ಫೈಲಿಗೆ ಹಾಕ್ಲೇಬೇಕು. ನೋಟಿಸ್ ಬರುತ್ತೆ. ಬಡ್ತಿ ನಿಲ್ಲುತ್ತೆ. ಬೇಕಾದ್ರೆ ಈಗಲೂ ಹರಿದುಹಾಕಿ, ನಾನು ಹೊರಗೆ ಹೋಗಿ ನೀರು ಕುಡಿದು ಬರ್ತೀನಿ."

ಅವರ ಮುಖದಲ್ಲಿ ಮೋಸವಿರಲಿಲ್ಲ. ಅವರಿಗೂ ಆ ತಿಂಗಳು ಇಪ್ಪತ್ತೆರಡು ಶಾಲೆ ನೋಡಿ ಮುಗಿಸಬೇಕಿತ್ತು. ಅವರ ಹೆಸರಿನ ಮುಂದೆಯೂ ಎಲ್ಲೋ ಒಂದು ಅಂಕಿ ಕಾದಿತ್ತು. ಅಂದೂ ಮೇಜಿನ ಕೆಳಗೆ ಬಿಚ್ಚಿಟ್ಟಿದ್ದ ಚಪ್ಪಲಿಯ ಪಕ್ಕ ಊದಿದ ಪಾದ ನೋಡಿ ನನಗೆ ಅವರ ಮೇಲೆ ಕನಿಕರವೇ ಬಂತು.

"ನೀರು ಇಲ್ಲೇ ತರಿಸ್ತೀನಿ ಮೇಡಂ" ಎಂದೆ.

ಅವರು ಕಾಗದ ಮಡಚಿ ಫೈಲಿಗಿಟ್ಟರು.

ವಕೇಶೊಳ ಅಮ್ಮ ಎದ್ದು ಬಟ್ಟೆ ಬಿಗಿದುಕೊಂಡಳು. "ಹಾಗಾದ್ರೆ ನನ್ನ ಸಹಿ ಬೇಡ್ವಾ ಸಾರ್?"

"ಬೇಡ."

"ನಡತೆ ಪತ್ರ?"

ಮಘಾಂಗ ಸಾರ್ ಮತ್ತೆ ಕುರ್ಚಿಯಲ್ಲಿ ಕೂತರು. "ನಾನೇನು ರಾಕ್ಷಸನೇನಮ್ಮಾ?" ಎಂದರು. "ಸೋಮವಾರ ಕಳ್ಸು ಹುಡುಗೀನ, ಕೊಡ್ತೀನಿ."

"ಸೋಮವಾರ ಯಾಕೆ? ಇವತ್ತು ಬರೆಯೋಕೆ ಕೂತಿದ್ರಲ್ಲ, ಕಾಗದ ಪೆನ್ನು ಎರಡೂ ಇಲ್ಲೇ ಇದೆ" ಎಂದು ಅವಳು ಮತ್ತೆ ಕೂತಳು. ಬರೆದುಕೊಡುವವರೆಗೂ ಏಳಲಿಲ್ಲ. ಹೋಗುವಾಗ ಬುಟ್ಟಿಯಿಂದ ನಾಲ್ಕು ಟೊಮೆಟೊ ತೆಗೆದು ಮೇಜಿನ ಮೇಲಿಟ್ಟು ಹೋದಳು. ಯಾರಿಗೆಂದು ಹೇಳಲಿಲ್ಲ.

ಆಗಸ್ಟಿನಲ್ಲಿ ನೋಟಿಸು ಬಂತು. ಎರಡು ಪುಟದ ಉತ್ತರ ಕೊಟ್ಟೆ. ಬಡ್ತಿ ಬೇರೆ ಶಾಲೆಯವರೊಬ್ಬರಿಗೆ ಹೋಯಿತು. ಮೊಂಬಾಸಾದಲ್ಲಿರುವ ನನ್ನ ಗಂಡ ಫೋನಿನಲ್ಲಿ, "ನಿನಗೆ ಬುದ್ಧಿ ಇಲ್ಲ" ಎಂದರು. ಅದೇ ಉಸಿರಿನಲ್ಲಿ, "ನಿಮ್ಮಮ್ಮ ಇದ್ದಿದ್ರೆ ಏನನ್ನೋರು?" ಎಂದೂ ಕೇಳಿದರು. ನನಗೆ ಗೊತ್ತಿಲ್ಲ. ಮಕ್ಕಳ ಪಾಠ ತಪ್ಪಿಸಿ ಆಫೀಸಿನಲ್ಲಿ ಏನು ಮಾಡುತ್ತಿದ್ದೆ ಎಂದು ಬೈಯುತ್ತಿದ್ದಳೋ ಏನೋ. ಬಡ್ತಿ ಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ ಎಂದರೆ ಅದೂ ಖಾಲಿ ಮನೆಗೆ ಹಾಕಿದ ಗುರುತಾದೀತು. ಬೇಸರವಾಯಿತು. ಈಗಲೂ ಇದೆ.

ಮೂರನೇ ಅವಧಿಯ ಮೊದಲ ದಿನ ಹೊಸ ಹಾಳೆ ಬಂತು. ಬೇರೆ ಮಗುವನ್ನು ನೇಮಿಸಿ ಎಂದು ಮಘಾಂಗ ಸಾರ್ ಹೇಳಿದ್ದರು. ನಾನು ವಕೇಶೊಳ ಕೈಗೇ ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ನಿಂತಳು.

"ಈ ಸಲ ಹೇಗೆ ಮೇಡಂ?"

"ಬಂದವರನ್ನ ಬಂದ್ರು ಅನ್ನು. ಬರ್ದೇ ಇದ್ದವರನ್ನ ಇಲ್ಲ ಅನ್ನು."

"ನೀವಾದ್ರೆ?"

"ನಾನಾದ್ರೂ."

ಸೆಪ್ಟೆಂಬರಿನ ಎರಡನೇ ಶುಕ್ರವಾರ ತಾವೇತಾದಿಂದ ತಮ್ಮ ಫೋನು ಮಾಡಿದ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಆಸ್ಪತ್ರೆ ಸೇರಿದ್ದಳು. ಗಾಬರಿಪಡುವಂಥದ್ದೇನಲ್ಲ ಎಂದ. "ಶನಿವಾರ ಬಂದ್ರೂ ಆಯ್ತು ಅಕ್ಕಾ." ಮೂರನೇ ಪಾಠ ಆಗಷ್ಟೇ ಮುಗಿದಿತ್ತು. ಮಘಾಂಗ ಸಾರ್ ಮೇಜಿನ ಮೇಲೆ ರಜೆ ಚೀಟಿ ಇಟ್ಟು, ತರಗತಿಗೆ ಬಂದು ಪಾಠದ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟೆ. ವಕೇಶೊ ಪುಸ್ತಕವನ್ನು ನೋಡಿದಳು, ನನ್ನನ್ನು ನೋಡಿದಳು.

"ಪಾಠ ಮಾಡು, ಮನಸ್ಸಿದ್ರೆ" ಎಂದೆ. "ಹಾಳೆಯಲ್ಲಿ ಮಾತ್ರ ನಾನಿಲ್ಲ ಅಂತ ಬರಿ."

"ನೀವು ಇನ್ನೂ ಇಲ್ಲೇ ಇದೀರಲ್ಲ ಮೇಡಂ" ಎಂದು ಕೊನೆಯ ಬೆಂಚಿನಿಂದ ಮ್ಕಂಬೂರಿ ಕೂಗಿದಳು. "ಹೋಗಿ, ಹೋದ್ಮೇಲೆ ಬರೀತಾಳೆ."

ಎಲ್ಲರೂ ನಕ್ಕರು. ನಾನು ಅಂಗಳ ದಾಟಿ ಇಳಿಜಾರಿಗೆ ಬರುವಷ್ಟರಲ್ಲಿ ನಾಲ್ಕನೇ ಗಂಟೆ ಹೊಡೆಯಿತು. ಒಂದು ಕ್ಷಣ ಕಾಲು ತಾನಾಗಿಯೇ ಹಿಂದಕ್ಕೆ ತಿರುಗಿತು. ಹಳೆಯ ಅಭ್ಯಾಸ. ಕಿಟಕಿಯ ಹತ್ತಿರದ ಬೆಂಚಿನಲ್ಲಿ ಎಡಗೈಯೊಂದು ಹಾಳೆಯ ಮೇಲೆ ಬಾಗಿ ಏನೋ ಬರೆಯಿತು. ಆಮೇಲೆ ಆ ಹುಡುಗಿ ಎದ್ದು ಕರಿಹಲಗೆಯ ಕಡೆ ಹೋದಳು. ಅವಳ ದನಿ ಅಂಗಳದಾಚೆಗೂ ಕೇಳಿಸಿತು.

"ನಿನ್ನೆ ಮೇಡಂ ಹೇಳಿದ್ದು ಗೊತ್ತಾಗ್ದೆ ಇದ್ದೋರು ಕೈ ಎತ್ತಿ."

ಎಷ್ಟು ಕೈ ಮೇಲೆ ಹೋದವೋ ನನಗೆ ಅಲ್ಲಿಂದ ಕಾಣಲಿಲ್ಲ. ಸೋಮವಾರ ಬಂದು ಕೇಳಬೇಕು ಎಂದುಕೊಂಡು ವ್ಯಾನಿನ ದಾರಿ ಹಿಡಿದೆ.